ಚಳಿಗಾಲದ ಶಾಲೆ ಕಳುಹಿಸುವ ಓಲೆ

ಜನವರಿ ತಿಂಗಳು ಬಂತೆಂದರೆ ಮಿನೆಸೋಟದ ನಮ್ಮ ಮನೆಗೆ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ‘ಏನಮ್ಮಾ, ಅಷ್ಟು ಥಂಡಿಯಲ್ಲೂ ಮಗೂನ ಹೊರಗೆ ಆಡೋಕೆ ಬಿಡ್ತಾರಂತಲ್ಲ, ಆ ಮೇಷ್ಟ್ರುಗಳಿಗೆ ಕರುಣೆಯೇ ಇಲ್ಲವಾ?’ ಎಂದು ಶಿವಮೊಗ್ಗದಿಂದ ನಮ್ಮ ಅತ್ತೆಯವರು ಕೇಳುತ್ತಾರೆ. ಮೊದಲ ವರ್ಷ ಈ ಪ್ರಶ್ನೆಗೆ ನನ್ನಲ್ಲೂ ಉತ್ತರವಿರಲಿಲ್ಲ. ಉತ್ತರವೇನೋ ಮಗನ ಶಾಲಾಚೀಲದ ತಳದಲ್ಲಿ, ಮಡಚಿಟ್ಟ ಒಂದು ಹಾಳೆಯಲ್ಲಿ ಬಿದ್ದಿತ್ತು. ಅದನ್ನು ತೆರೆದು ಓದುವ ವ್ಯವಧಾನ ನನಗಿರಲಿಲ್ಲ.

ಇಲ್ಲಿನ ಪ್ರಾಥಮಿಕ ಶಾಲೆಗಳು ಚಳಿಗಾಲದ ನಡುವೆ ಪೋಷಕರಿಗೆ ಒಂದು ವಾರ್ತಾಪತ್ರವನ್ನು ಕಳುಹಿಸುತ್ತವೆ. ಕೆಲವೊಮ್ಮೆ ಅದು ಕಾಗದದ ರೂಪದಲ್ಲಿ, ಬಹುತೇಕ ಮಿಂಚಂಚೆಯಲ್ಲಿ ಬರುತ್ತದೆ. ಹೊಸದಾಗಿ ಬಂದ ನಮ್ಮವರು ಅದನ್ನು ಸಾಮಾನ್ಯ ಸುತ್ತೋಲೆಯೆಂದು ಬದಿಗಿಡುವುದೇ ಹೆಚ್ಚು. ಅಂಕಪಟ್ಟಿ ಬಂದಾಗ ಮಾತ್ರ ಕಣ್ಣಿಟ್ಟು ನೋಡುವ ಅಭ್ಯಾಸ ನಮ್ಮದು. ಆದರೆ ಈ ದೇಶದಲ್ಲಿ ಮಗುವನ್ನು ಬೆಳೆಸಲು ಹೊರಟವರಿಗೆ, ಹೊರಡಲು ಸಿದ್ಧರಾಗುತ್ತಿರುವವರಿಗೆ, ಅಂಕಪಟ್ಟಿಗಿಂತ ಮೊದಲು ಓದಬೇಕಾದದ್ದು ಈ ಓಲೆಯೇ ಎಂಬುದು ಇಷ್ಟು ವರ್ಷಗಳ ನಂತರ ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಇದರಲ್ಲಿರುವ ಸಣ್ಣ ಸಣ್ಣ ಸಾಲುಗಳಲ್ಲಿ ಈ ಸಮಾಜ ಮಕ್ಕಳನ್ನು ಹೇಗೆ ಕಾಣುತ್ತದೆ, ತಂದೆತಾಯಿಗಳಿಂದ ಏನನ್ನು ನಿರೀಕ್ಷಿಸುತ್ತದೆ ಎಂಬುದು ಅಡಗಿದೆ. ಅವುಗಳಲ್ಲಿ ಒಂದು ಸಾಲನ್ನು ನಮ್ಮವರು ಬೇಕೆಂದೇ ತಪ್ಪಾಗಿ ತುಂಬುತ್ತಿದ್ದಾರೆ. ಅದರ ಬೆಲೆಯನ್ನು ಮಕ್ಕಳು ತೆರುತ್ತಿದ್ದಾರೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಓಲೆಯ ಮೊದಲ ಸುದ್ದಿ ಚಳಿಯದ್ದೇ. ಡಿಸೆಂಬರ್ ಕೊನೆ, ಜನವರಿ ಆರಂಭದಲ್ಲಿ ಮಿನಿಯಾಪೊಲಿಸ್ ಸುತ್ತಮುತ್ತ ಸೂರ್ಯ ಹುಟ್ಟುವಾಗ ಗಂಟೆ ಎಂಟಕ್ಕೆ ಹತ್ತು ನಿಮಿಷವಷ್ಟೇ ಇರುತ್ತದೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಕತ್ತಲು. ಮಕ್ಕಳು ಮಬ್ಬುಗತ್ತಲಲ್ಲೇ ಬಸ್ಸಿಗಾಗಿ ಕಾಯುತ್ತಾರೆ. ಹಾಗಿದ್ದರೂ ಆಟದ ಬಿಡುವಿಗೆ ಅವರನ್ನು ಮೈದಾನಕ್ಕೆ ಬಿಡುತ್ತಾರೆ. ಎಷ್ಟು ಚಳಿಯವರೆಗೆ ಬಿಡಬೇಕೆಂಬುದನ್ನು ಪ್ರತಿ ಶಾಲಾ ಜಿಲ್ಲೆಯೂ ತಾನೇ ನಿರ್ಧರಿಸುತ್ತದೆ. ಇಲ್ಲಿ ಅನೇಕ ಕಡೆ ಶೂನ್ಯ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆ ಗೆರೆ. ಬರಿಯ ಉಷ್ಣಾಂಶವಷ್ಟೇ ಅಲ್ಲ, ಗಾಳಿಯ ವೇಗವನ್ನೂ ಸೇರಿಸಿ ಲೆಕ್ಕ ಹಾಕುವ ‘ವಿಂಡ್ ಚಿಲ್’ ಅನ್ನು ನೋಡುತ್ತಾರೆ. ಶೂನ್ಯ ಡಿಗ್ರಿಯಲ್ಲಿ ಗಂಟೆಗೆ 15 ಮೈಲಿ ವೇಗದ ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಮೈನಸ್ 19 ಫ್ಯಾರನ್‌ಹೀಟ್‌ಗೆ ಸಮ. ಹೊದಿಕೆಯಿಲ್ಲದ ಚರ್ಮ ಸುಮಾರು ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಮಕ್ಕಳು ಒಳಗೇ ಕುಳಿತು ಚದುರಂಗ, ಒಗಟುಚಿತ್ರಗಳಲ್ಲಿ ಕಾಲ ಕಳೆಯುತ್ತಾರೆ.

ಹೀಗಾಗಿ ಕರುಣೆಯಿಲ್ಲವೆಂಬುದು ಸರಿಯಲ್ಲ, ಲೆಕ್ಕಾಚಾರವಿದೆ. ಆದರೆ ಆ ಲೆಕ್ಕಾಚಾರದ ಅರ್ಧ ಭಾಗ ಪೋಷಕರ ಪಾಲಿನದು. ಓಲೆಯಲ್ಲಿ ಒಂದು ಪಟ್ಟಿ ಇರುತ್ತದೆ: ದಪ್ಪ ಕೋಟು, ಹಿಮದ ಪ್ಯಾಂಟು, ಬೂಟು, ಟೋಪಿ, ಕೈಚೀಲದಂಥ ಮಿಟನ್. ಎಲ್ಲದರ ಮೇಲೂ ಮಗುವಿನ ಹೆಸರು ಬರೆದಿರಬೇಕು. ಹಿಮದ ಪ್ಯಾಂಟು ಮತ್ತು ಬೂಟು ಇಲ್ಲದ ಮಗು ಹಿಮದಲ್ಲಿ ಆಡುವಂತಿಲ್ಲ, ಗುಡಿಸಿ ಸ್ವಚ್ಛ ಮಾಡಿದ ಡಾಂಬರಿನ ಅಂಚಿನಲ್ಲೇ ಇರಬೇಕು ಎಂಬುದು ಹಲವು ಶಾಲೆಗಳ ನಿಯಮ. ನಾವು ಬಂದದ್ದು ಜನವರಿಯಲ್ಲಿ, ಮಗನಿಗೆ ಆಗ ಆರು ವರ್ಷ. ಒಳ್ಳೆಯ ಕೋಟು ಕೊಡಿಸಿದ್ದೆವು, ಅದು ಸಾಕೆಂದುಕೊಂಡೆವು. ಮೂರು ವಾರ ಅವನು ಆ ಅಂಚಿನಲ್ಲಿ ಒಬ್ಬನೇ ನಿಂತಿದ್ದನೆಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಅವನು ಹೇಳಲಿಲ್ಲ, ಅದು ಶಿಕ್ಷೆಯೆಂದೂ, ತಾನೇನೋ ತಪ್ಪು ಮಾಡಿರಬೇಕೆಂದೂ ಭಾವಿಸಿದ್ದ. ಹೊಸದನ್ನು ಕೊಳ್ಳಲು ಕೈ ಹಿಡಿತವಾಗಿದ್ದರೆ ಬಳಸಿದ ಬಟ್ಟೆಗಳ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಇವು ಸಿಗುತ್ತವೆ. ಶಾಲೆಯ ದಾದಿಯನ್ನೋ ಸಮಾಜ ಕಾರ್ಯಕರ್ತರನ್ನೋ ಕೇಳಿದರೆ, ಊರಿನವರು ದಾನವಾಗಿ ಕೊಟ್ಟದ್ದರಲ್ಲಿ ಒಂದನ್ನು ಹೊಂದಿಸಿ ಕೊಡುವುದೂ ಉಂಟು. ಕೇಳುವುದನ್ನು ಇಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ.

ಎರಡನೆಯ ಸುದ್ದಿ ರಜೆಯದ್ದು. ಮಲೆನಾಡಿನಲ್ಲಿ ಆಷಾಢದ ಮಳೆ ಜಡಿದಾಗ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸುವುದನ್ನು ಕಾದು ಕುಳಿತು ಬೆಳೆದವರು ನಾವು. ಇಲ್ಲಿ ಆ ಅಧಿಕಾರ ಸಾಮಾನ್ಯವಾಗಿ ಶಾಲಾ ಜಿಲ್ಲೆಯ ಮುಖ್ಯಸ್ಥರದು. ನಸುಕಿನಲ್ಲೇ ರಸ್ತೆಗಳ ಸ್ಥಿತಿ ವಿಚಾರಿಸಿ ಪೋಷಕರ ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ: ಪೂರ್ತಿ ರಜೆ, ಇಲ್ಲವೇ ಎರಡು ಗಂಟೆ ತಡ. ರಾಜ್ಯಪಾಲರೇ ಮುಂದೆ ಬಂದು ಇಡೀ ರಾಜ್ಯದ ಸರ್ಕಾರಿ ಶಾಲೆಗಳನ್ನು ಮುಚ್ಚಿಸಿದ ಪ್ರಸಂಗವೂ ಇದೆ. 2014ರ ಜನವರಿ 6ರಂದು ಮಾರ್ಕ್ ಡೇಟನ್ ಹಾಗೆ ಮಾಡಿದ್ದರು. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಮೈನಸ್ 28 ಫ್ಯಾರನ್‌ಹೀಟ್‌ಗೆ, ಎಂದರೆ ಮೈನಸ್ 33 ಸೆಲ್ಸಿಯಸ್‌ಗೆ ಇಳಿದಾಗಲೂ ಶಾಲೆಗಳು ಮುಚ್ಚಿದ್ದವು. ಈಗ ಮಿನೆಸೋಟದ ಕಾನೂನು ವರ್ಷಕ್ಕೆ ಐದು ದಿನಗಳವರೆಗೆ ಮನೆಯಿಂದಲೇ ಪಾಠ ಮಾಡಿಸಲು ಅವಕಾಶ ಕೊಟ್ಟಿರುವುದರಿಂದ ಮಕ್ಕಳ ಸಂಭ್ರಮಕ್ಕೆ ಸ್ವಲ್ಪ ಕತ್ತರಿ ಬಿದ್ದಿದೆ. ಆದರೂ ಹಿಮ ಬೀಳಲೆಂದು ರಾತ್ರಿಯುಡುಪನ್ನು ತಿರುವಿ ತೊಟ್ಟು, ದಿಂಬಿನಡಿ ಚಮಚವಿಟ್ಟು ಮಲಗುವ ಇಲ್ಲಿನ ಮಕ್ಕಳ ನಂಬಿಕೆ ಹಾಗೇ ಉಳಿದಿದೆ. ಕೆಲಸಕ್ಕೆ ಹೋಗುವ ದಂಪತಿಗಳು ಮಾತ್ರ ಇಂಥ ದಿನ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ ಹೋಗುವ ಸೌಕರ್ಯ ಇಲ್ಲಿ ತಾನಾಗಿ ಒದಗುವುದಿಲ್ಲ.

ಮೂರನೆಯದು ಊಟ. 2023ರಲ್ಲಿ ಮಿನೆಸೋಟ ಒಂದು ಕಾನೂನು ಮಾಡಿತು: ರಾಷ್ಟ್ರೀಯ ಶಾಲಾ ಊಟದ ಯೋಜನೆಯಲ್ಲಿರುವ ಶಾಲೆಗಳಲ್ಲಿ ಬೆಳಗಿನ ಉಪಾಹಾರ ಮತ್ತು ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ, ಮನೆಯ ಆದಾಯ ಎಷ್ಟೇ ಇರಲಿ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಬರುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕರ್ನಾಟಕದ ಬಿಸಿಯೂಟವನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ನಮ್ಮ ಕೆಲವು ಮನೆಗಳಲ್ಲಿ ‘ಪುಕ್ಕಟೆ ಊಟ ನಮಗೇಕೆ’ ಎಂಬ ಬಿಗುಮಾನ ಕಾಣುತ್ತದೆ. ಸಸ್ಯಾಹಾರದ ಕಾರಣಕ್ಕೆ ಡಬ್ಬಿ ಕಟ್ಟುವುದು ಬೇರೆ ಮಾತು. ಬಿಗುಮಾನಕ್ಕಾಗಿ ಮಗುವನ್ನು ಗೆಳೆಯರ ಪಂಕ್ತಿಯಿಂದ ಎಬ್ಬಿಸುವುದು ಬೇಡ.

ಊಟದ ಮಾತಿನಲ್ಲೇ ಸಂಕ್ರಾಂತಿಯೂ ಬರುತ್ತದೆ. ನಮ್ಮ ಹಬ್ಬ ಇಲ್ಲಿನ ಕಡುಚಳಿಯ ನಡುವೆ, ಶಾಲೆ ನಡೆಯುವ ದಿನಗಳಲ್ಲಿ ಬರುತ್ತದೆ. ಪರಿಚಯದ ತಾಯಿಯೊಬ್ಬರು ತರಗತಿಯ ಮಕ್ಕಳಿಗೆಲ್ಲ ಎಳ್ಳುಬೆಲ್ಲದ ಪೊಟ್ಟಣ ಕಟ್ಟಿಕೊಂಡು ಹೋದರು. ಕಚೇರಿಯಲ್ಲೇ ಅದನ್ನು ನಯವಾಗಿ ಹಿಂದಿರುಗಿಸಿದರು. ನಮ್ಮ ಸಂಸ್ಕೃತಿಯನ್ನು ತಿರಸ್ಕರಿಸಿದರೆಂದು ಆಕೆ ಕಣ್ಣೀರಿಟ್ಟರು. ನಿಜ ಬೇರೆಯೇ ಇತ್ತು. ಕಡಲೆಕಾಯಿ ಕೆಲವು ಮಕ್ಕಳಿಗೆ ಪ್ರಾಣಾಂತಿಕ ಅಲರ್ಜಿ ತರಬಲ್ಲದು. ಎಳ್ಳನ್ನೂ ಈ ದೇಶ 2021ರ ಕಾನೂನಿನ ಮೂಲಕ ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು ಸೇರಿಸಿತು. 2023ರ ಜನವರಿಯಿಂದ ಪೊಟ್ಟಣದ ಆಹಾರಗಳ ಮೇಲೆ ಅದನ್ನು ನಮೂದಿಸುವುದು ಕಡ್ಡಾಯ. ಮನೆಯಲ್ಲಿ ಮಾಡಿದ ತಿನಿಸನ್ನು ತರಗತಿಯಲ್ಲಿ ಹಂಚಬಾರದೆಂಬ ನಿಯಮ ಓಲೆಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಮರುವರ್ಷ ಅದೇ ತಾಯಿ ಶಿಕ್ಷಕಿಯನ್ನು ಮುಂಚಿತವಾಗಿ ಕೇಳಿ, ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳನ್ನು ಒಯ್ದರು. ಮಕ್ಕಳು ಅದರಲ್ಲಿ ಜೇಡಿಮಣ್ಣು ತುಂಬಿ ಗಿಳಿ, ಆನೆ, ತೇರುಗಳನ್ನು ತೆಗೆದರು. ಎಳ್ಳು ತಿನ್ನದಿದ್ದರೂ ಒಳ್ಳೆಯ ಮಾತು ಆಡಿಕೊಂಡರು. ಬಾಗಿಲು ಮುಚ್ಚಿರಲಿಲ್ಲ, ತಟ್ಟುವ ಕ್ರಮ ಬೇರೆಯಿತ್ತು.

ಇನ್ನು ಚಟುವಟಿಕೆಗಳು. ಡಿಸೆಂಬರಿನಲ್ಲಿ ನಡೆಯುವ ಹಾಡಿನ ಕಾರ್ಯಕ್ರಮವನ್ನು ಅನೇಕ ಶಾಲೆಗಳು ಕ್ರಿಸ್ಮಸ್ ಕಾರ್ಯಕ್ರಮವೆನ್ನದೆ ಚಳಿಗಾಲದ ಸಂಗೀತವೆನ್ನುತ್ತವೆ. ಸರ್ಕಾರಿ ಶಾಲೆ ಯಾವುದೇ ಧರ್ಮದ ಪ್ರಾರ್ಥನೆಯನ್ನು ನಡೆಸುವಂತಿಲ್ಲವೆಂದು ಇಲ್ಲಿನ ಸರ್ವೋಚ್ಚ ನ್ಯಾಯಾಲಯ 1962ರಲ್ಲೇ ತೀರ್ಪಿತ್ತಿದೆ. ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆಯ ರಜೆ. ಅದರ ಹಿಂದಿನ ವಾರ ಪುಟ್ಟ ಮಕ್ಕಳೂ ‘ನನ್ನ ಕನಸು ಏನು’ ಎಂದು ಬರೆಯುತ್ತಾರೆ. ಅವರು 1959ರಲ್ಲಿ ಭಾರತಕ್ಕೆ ಬಂದಿದ್ದರೆಂದೂ, ಗಾಂಧೀಜಿಯವರ ಅಹಿಂಸೆಯಿಂದ ಪ್ರೇರಿತರಾಗಿದ್ದರೆಂದೂ ನಮ್ಮ ಮಕ್ಕಳಿಗೆ ನಾವು ಹೇಳಿ ಕಳುಹಿಸಿದರೆ, ಆ ದಿನ ತರಗತಿಯಲ್ಲಿ ಅವರಿಗೂ ಹೇಳಲು ಒಂದು ಮಾತಿರುತ್ತದೆ.

ಫೆಬ್ರವರಿಯಲ್ಲಿ ಶಾಲೆಯ ನೂರನೆಯ ದಿನ ಬರುತ್ತದೆ. ಶಾಲೆ ಸೆಪ್ಟೆಂಬರಿನಲ್ಲಿ ಆರಂಭವಾಗುವುದರಿಂದ ಆ ಹೊತ್ತಿಗೆ ನೂರು ದಿನ ತುಂಬುತ್ತದೆ. ನೂರು ವಸ್ತುಗಳನ್ನು ಹತ್ತು ಹತ್ತರ ಗುಂಪು ಮಾಡಿ ತರಬೇಕು. ಎಣಿಕೆಯ ಸ್ಥಾನಬೆಲೆಯನ್ನು ಮಕ್ಕಳ ಕೈಗೆ ಕೊಡುವ ಉಪಾಯವಿದು. ಎಷ್ಟೋ ಮಕ್ಕಳು ನೂರು ವರ್ಷದ ಮುದುಕ ಮುದುಕಿಯರಂತೆ ವೇಷ ಹಾಕಿಕೊಂಡು ಬರುತ್ತಾರೆ. ನನ್ನ ಮಗಳು ನೂರು ಅವರೆಕಾಳುಗಳನ್ನು ಅಂಟಿಸಿಕೊಂಡು, ಹೆಗಲಿಗೆ ಶಾಲು ಹೊದ್ದು ಅಜ್ಜಿಯಾಗಿ ಹೋದಳು. ಫೆಬ್ರವರಿ 14ರ ವ್ಯಾಲೆಂಟೈನ್ ದಿನವೆಂದರೆ ಊರಿನ ಹಿರಿಯರು ಹುಬ್ಬೇರಿಸುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಅದು ಸ್ನೇಹದ ಚೀಟಿ ಹಂಚುವ ದಿನ ಮಾತ್ರ. ಶಿಕ್ಷಕಿ ಇಡೀ ತರಗತಿಯ ಹೆಸರಿನ ಪಟ್ಟಿ ಕಳುಹಿಸುತ್ತಾರೆ. ಕೊಟ್ಟರೆ ಎಲ್ಲರಿಗೂ ಕೊಡಬೇಕು, ಒಬ್ಬರನ್ನೂ ಬಿಡುವಂತಿಲ್ಲ. ಮೊದಲ ವರ್ಷ ನಾನು ಆ ಪಟ್ಟಿಯನ್ನು ನೋಡಲಿಲ್ಲ. ತರಗತಿಯ ಎಲ್ಲರಿಂದಲೂ ಚೀಟಿ ಪಡೆದು, ತಾನು ಯಾರಿಗೂ ಕೊಡದೆ ಬಂದ ಮಗ ಆ ಸಂಜೆ ಅವನ್ನು ನೆಲದ ಮೇಲೆ ಹರಡಿಕೊಂಡು ಒಂದೊಂದೇ ಹೆಸರನ್ನು ಓದುತ್ತಿದ್ದ. ಆ ಮಕ್ಕಳಲ್ಲಿ ಯಾರೊಬ್ಬರ ಜೊತೆಗೂ ಅವನು ಇನ್ನೂ ಮಾತನಾಡಿರಲಿಲ್ಲ.

ಇದು ನಮಗೆ ತಿಳಿದದ್ದು ಅದೇ ತಿಂಗಳು ನಡೆದ ಶಿಕ್ಷಕರ–ಪೋಷಕರ ಭೇಟಿಯಲ್ಲಿ. ಹತ್ತು ಹದಿನೈದು ನಿಮಿಷದ ಆ ಭೇಟಿಗೆ ನಾವು ಗಣಿತದ ಅಂಕ ಕೇಳಲು ಹೋಗಿದ್ದೆವು. ಶಿಕ್ಷಕಿ ಅಂಕದ ಮಾತೆತ್ತಲಿಲ್ಲ. ‘ನಿಮ್ಮ ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತೀರಿ?’ ಎಂದು ಕೇಳಿದರು. ಕನ್ನಡ ಎಂದೆವು. ಅವರು ಕಡತ ತೆರೆದು, ಸೇರ್ಪಡೆಯ ಅರ್ಜಿಯಲ್ಲಿ ನಾನೇ ತುಂಬಿದ್ದ ಸಾಲನ್ನು ತೋರಿಸಿದರು. ಮಗು ಮೊದಲು ಕಲಿತ ಭಾಷೆ: ಇಂಗ್ಲಿಷ್. ಮಗು ಆಡುವ ಭಾಷೆ: ಇಂಗ್ಲಿಷ್. ನನ್ನದೇ ಕೈಬರಹ.

ಹಾಗೆ ಬರೆಯಲು ಕಾರಣವಿತ್ತು. ‘ಕನ್ನಡ ಅಂತ ಬರೀಬೇಡ ಕಣೇ, ಮಗೂನ ದಡ್ಡರ ಜೊತೆ ಬೇರೆ ಕ್ಲಾಸಿಗೆ ಹಾಕಿಬಿಡ್ತಾರೆ’ ಎಂದು ನಮಗಿಂತ ಮೊದಲು ಬಂದಿದ್ದ ಗೆಳತಿ ಕಿವಿಮಾತು ಹೇಳಿದ್ದಳು. ಮಗ ಊರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದವನು, ಪುಸ್ತಕವನ್ನು ತಡವರಿಸದೆ ಓದುತ್ತಿದ್ದ. ಆದರೆ ಇಲ್ಲಿನ ಮಾತಿನ ವೇಗ, ಉಚ್ಚಾರಣೆ, ತರಗತಿಯ ನುಡಿಗಟ್ಟು ಅವನಿಗೆ ಎಟುಕುತ್ತಿರಲಿಲ್ಲ. ಶಿಕ್ಷಕಿ ದಿನವೂ ‘ಕ್ರಿಸ್-ಕ್ರಾಸ್ ಆ್ಯಪಲ್‌ಸಾಸ್’ ಎನ್ನುತ್ತಿದ್ದರಂತೆ. ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ ಎಂಬುದಕ್ಕೆ ಇಲ್ಲಿನ ಮಕ್ಕಳ ಮಾತು ಅದು. ಸೇಬು ಎಲ್ಲಿದೆ ಎಂದು ನಮ್ಮ ಹುಡುಗ ಸುತ್ತ ನೋಡುತ್ತಿದ್ದ, ಉಳಿದವರು ನಗುತ್ತಿದ್ದರು. ಕೆಲವು ದಿನಗಳಲ್ಲಿ ಅವನು ಬಾಯಿ ತೆರೆಯುವುದನ್ನೇ ಬಿಟ್ಟ. ಅರ್ಜಿಯಲ್ಲಿ ಇಂಗ್ಲಿಷ್ ಎಂದಿದ್ದುದರಿಂದ ಶಾಲೆ ಇದನ್ನು ಭಾಷೆಯ ತೊಡಕೆಂದು ಎಣಿಸಲಿಲ್ಲ. ಮಗುವಿಗೆ ಕೇಳಿಸುವುದರಲ್ಲಿ, ಗ್ರಹಿಸುವುದರಲ್ಲಿ ಏನಾದರೂ ಕೊರತೆಯಿದೆಯೇ ಎಂದು ಚಿಂತಿಸುತ್ತಿತ್ತು. ನಾನು ತಪ್ಪಿಸಲು ಹೊರಟದ್ದು ಒಂದು ಹಣೆಪಟ್ಟಿಯನ್ನು. ಅದಕ್ಕಿಂತ ಭಾರವಾದ ಇನ್ನೊಂದು ಅವನ ಹಣೆಯ ಮೇಲೆ ಬೀಳುವುದರಲ್ಲಿತ್ತು.

ಈ ಪ್ರಶ್ನೆ ಅರ್ಜಿಯಲ್ಲಿರುವುದು ಮಕ್ಕಳನ್ನು ಬೇರೆ ಮಾಡುವುದಕ್ಕಲ್ಲ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಪರವಾಗಿ ಬಂದ ‘ಲಾವ್ ವಿರುದ್ಧ ನಿಕೋಲ್ಸ್’ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಂದು ಮಾತನ್ನು ಖಚಿತಪಡಿಸಿತು. ಇಂಗ್ಲಿಷ್ ಅರ್ಥವಾಗದ ಮಗುವಿಗೆ ಎಲ್ಲರಂತೆ ಅದೇ ಪುಸ್ತಕ, ಅದೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಕೊಟ್ಟಂತಾಗುವುದಿಲ್ಲ ಎಂಬುದು ಅದರ ತಿರುಳು. ಅಂದಿನಿಂದ ಇಂಥ ಮಕ್ಕಳನ್ನು ಗುರುತಿಸಿ ನೆರವಾಗುವುದು ಶಾಲೆಗಳ ಹೊಣೆ. ಅರ್ಜಿಯಲ್ಲಿ ಬೇರೆ ಭಾಷೆಯಿದ್ದರೆ ಮೊದಲು ಒಂದು ಪರೀಕ್ಷೆ. ನೆರವು ಬೇಕೆಂದು ಕಂಡರೆ ಮಾತ್ರ ಸೇರ್ಪಡೆ. ನಮ್ಮ ಮಗನ ವಿಷಯದಲ್ಲಿ ಅದು ದಿನಕ್ಕೆ ಅರ್ಧ ಗಂಟೆ ಇನ್ನೂ ನಾಲ್ಕು ಮಕ್ಕಳೊಂದಿಗೆ ವಿಶೇಷ ಶಿಕ್ಷಕಿಯ ಬಳಿ ಕುಳಿತುಕೊಳ್ಳುವುದಾಗಿತ್ತು. ಆ ನಾಲ್ವರಲ್ಲಿ ದಡ್ಡರು ಯಾರೂ ಇರಲಿಲ್ಲ. ಒಬ್ಬಳು ಸೊಮಾಲಿ ಮಾತನಾಡುವ ಹುಡುಗಿ, ಅವನ ಮೊದಲ ಗೆಳತಿ. ಎರಡು ವರ್ಷದಲ್ಲಿ ಅವನು ಪರೀಕ್ಷೆ ದಾಟಿ ಹೊರಬಂದ.

ನಮ್ಮವರ ಅಂಜಿಕೆ ಪೂರ್ತಿ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ವಿಶೇಷ ಪಾಠಕ್ಕೆ ಎದ್ದು ಹೋದ ವೇಳೆಯಲ್ಲಿ ತರಗತಿಯ ಬೇರೊಂದು ಪಾಠ ತಪ್ಪುವುದುಂಟು. ಒಮ್ಮೆ ಸೇರಿದ ಮೇಲೆ ನಿಗದಿತ ಅಂಕ ಬರುವವರೆಗೆ ಪ್ರತಿ ವರ್ಷ ಚಳಿಗಾಲದಲ್ಲಿ ಓದು, ಬರಹ, ಆಲಿಸುವಿಕೆ, ಮಾತು ಎಂಬ ನಾಲ್ಕು ಭಾಗಗಳ ಪರೀಕ್ಷೆ ಬರೆಯಬೇಕು. ಮಿನೆಸೋಟದಲ್ಲಿ ಅದು ‘ವೀಡಾ ಆ್ಯಕ್ಸೆಸ್’; ಜನವರಿ ಕೊನೆಯ ಹೊತ್ತಿಗೆ ಆರಂಭವಾಗುವ ಇದರ ದಿನಾಂಕಗಳೂ ಅದೇ ಓಲೆಯಲ್ಲಿರುತ್ತವೆ. ಆದರೆ ಇದಕ್ಕೆ ಪರಿಹಾರ ಸುಳ್ಳು ಬರೆಯುವುದಲ್ಲ. ವಿಶೇಷ ಪಾಠ ಬೇಡವೆನ್ನುವ ಹಕ್ಕು ಪೋಷಕರಿಗೆ ಇದ್ದೇ ಇದೆ. ಆಗಲೂ ವಾರ್ಷಿಕ ಪರೀಕ್ಷೆ ಮಾತ್ರ ತಪ್ಪದು. ಯಾವ ವೇಳೆಯಲ್ಲಿ ಕರೆದೊಯ್ಯುತ್ತೀರಿ, ಯಾವ ಪಾಠ ತಪ್ಪುತ್ತದೆ ಎಂದು ಕೇಳಿ ಬದಲಾಯಿಸಿಕೊಳ್ಳಬಹುದು. ಇಲ್ಲೇ ಹುಟ್ಟಿದ ನನ್ನ ಮಗಳ ಅರ್ಜಿಯಲ್ಲಿ ನಾನು ಕನ್ನಡ ಎಂದೇ ಬರೆದೆ. ಪರೀಕ್ಷಿಸಿ ನೋಡಿ, ನೆರವಿನ ಅಗತ್ಯವಿಲ್ಲವೆಂದು ಪತ್ರ ಕಳುಹಿಸಿದರು. ಅಲ್ಲಿಗೆ ಮುಗಿಯಿತು. ನಿಜ ಬರೆದದ್ದರಿಂದ ಅವಳು ಕಳೆದುಕೊಂಡದ್ದು ಏನೂ ಇಲ್ಲ.

ಇನ್ನೊಂದು ಸಂಗತಿಯನ್ನೂ ಯೋಚಿಸಬೇಕು. ಇಂಥ ಶಿಕ್ಷಕರ ನೇಮಕಕ್ಕೆ ಬರುವ ಸರ್ಕಾರದ ಹಣ ಗುರುತಿಸಲಾದ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಯಾವ ಊರಿನ ಶಾಲೆಗಳಲ್ಲಿ ಯಾವ ಮನೆಮಾತಿನ ಮಕ್ಕಳಿದ್ದಾರೆ ಎಂಬ ಲೆಕ್ಕ ತಯಾರಾಗುವುದೂ ಈ ಉತ್ತರಗಳಿಂದಲೇ. ನಾವೆಲ್ಲರೂ ಇಂಗ್ಲಿಷ್ ಎಂದು ಬರೆದರೆ ಆ ಪಟ್ಟಿಯಲ್ಲಿ ಕನ್ನಡ ಎಂಬ ಹೆಸರೇ ಇರುವುದಿಲ್ಲ. ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ಬಾವುಟ ಹಾರಿಸಿ, ಮಕ್ಕಳಿಂದ ಹಾಡು ಹೇಳಿಸಿ, ಅದೇ ಮಕ್ಕಳ ಮನೆಮಾತನ್ನು ಸರ್ಕಾರಿ ಕಾಗದದಲ್ಲಿ ಮರೆಮಾಚುವುದು ಯಾವ ಬಗೆಯ ಅಭಿಮಾನ? ಮಗು ದೊಡ್ಡದಾಗಿ ಆ ಕಾಗದವನ್ನು ಕಂಡು ‘ಅಮ್ಮಾ, ಕನ್ನಡ ಅಂತ ಬರೆಯೋಕೆ ನಿನಗೆ ನಾಚಿಕೆಯಾಯಿತಾ?’ ಎಂದರೆ ಏನು ಹೇಳುವುದು? ನನ್ನ ಮಗ ಕೇಳಿದ್ದಾನೆ. ನಾಚಿಕೆಯಲ್ಲ, ಹೆದರಿಕೆ ಎಂದೆ. ಅದು ಪೂರ್ಣ ಸತ್ಯವೆಂದು ನನಗೇ ಅನ್ನಿಸಲಿಲ್ಲ.

ಈ ದಿನಗಳಲ್ಲಿ ಇದನ್ನು ಬರೆಯಲು ಕಾರಣವಿದೆ. ಸೆಪ್ಟೆಂಬರ್ 1ಕ್ಕೆ ಐದು ವರ್ಷ ತುಂಬುವ ಮಕ್ಕಳ ಕಿಂಡರ್‌ಗಾರ್ಟನ್ ನೋಂದಣಿಗೆ ಇಲ್ಲಿನ ಅನೇಕ ಶಾಲಾ ಜಿಲ್ಲೆಗಳು ಚಳಿಗಾಲದಲ್ಲೇ ಅರ್ಜಿ ಕರೆಯುತ್ತವೆ. ಓಲೆಯ ಕೊನೆಯ ಪುಟದಲ್ಲಿ ಆ ಸೂಚನೆ ಇರುತ್ತದೆ. ಜನನ ದಾಖಲೆ, ಲಸಿಕೆಯ ವಿವರ, ವಾಸದ ವಿಳಾಸಕ್ಕೆ ಪುರಾವೆ ಇಷ್ಟನ್ನು ಜೋಡಿಸಿಟ್ಟುಕೊಳ್ಳಿ. ವೀಸಾ ಯಾವುದೆಂಬ ಚಿಂತೆ ಬೇಡ. ವಲಸೆಯ ಸ್ಥಿತಿಯ ಕಾರಣಕ್ಕೆ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲವೆಂದು 1982ರ ‘ಪ್ಲೈಲರ್ ವಿರುದ್ಧ ಡೋ’ ತೀರ್ಪು ಹೇಳಿದೆ. ಭಾರತದಿಂದ ಹೊರಡುವವರು ಲಸಿಕೆಯ ಪುಸ್ತಕವನ್ನು ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿಟ್ಟುಕೊಂಡು ಬನ್ನಿ. ಮನೆಯ ಭಾಷೆಯ ಪ್ರಶ್ನೆ ಬಂದಾಗ, ಮನೆಯಲ್ಲಿ ಕನ್ನಡವಿದ್ದರೆ ಕನ್ನಡ ಎಂದೇ ಬರೆಯಿರಿ. ತುಳು, ಕೊಂಕಣಿ, ಕೊಡವ, ಉರ್ದು ಆಡುವವರು ಅದನ್ನೇ ಬರೆಯಿರಿ.

ಊರಿನಲ್ಲಿರುವ ಹಿರಿಯರಲ್ಲಿಯೂ ಒಂದು ಬಿನ್ನಹ. ಮೊಮ್ಮಕ್ಕಳಿಗೆ ಫೋನ್ ಮಾಡಿದಾಗ ‘ಎಷ್ಟು ಮಾರ್ಕ್ಸ್ ಬಂತು’ ಎನ್ನುವ ಬದಲು ಹಿಮದಲ್ಲಿ ಏನು ಆಡಿದೆ, ನೂರನೆಯ ದಿನಕ್ಕೆ ಏನು ಒಯ್ದೆ ಎಂದು ಕನ್ನಡದಲ್ಲಿ ಕೇಳಿ. ಅವರು ಇಂಗ್ಲಿಷ್ ಬೆರೆಸಿ ತೊದಲಿದರೂ ಕೊನೆಯವರೆಗೆ ಹೇಳಲು ಬಿಡಿ. ನಮ್ಮ ಅತ್ತೆಯವರು ಈಗ ಥಂಡಿಯ ಬಗ್ಗೆ ಕೇಳುವುದನ್ನು ಬಿಟ್ಟಿದ್ದಾರೆ. ಕಳೆದ ವಾರ ಮಗಳೊಂದಿಗೆ ಅರ್ಧ ಗಂಟೆ ಮಾತನಾಡಿ, ಕೊನೆಗೆ ನನ್ನನ್ನು ಕರೆದು, ‘ಅವಳ ಹಿಮದ ಪ್ಯಾಂಟು ಗಿಡ್ಡ ಆಗಿದೆಯಂತೆ ಕಣಮ್ಮಾ, ನಾಳೆಯೇ ಹೊಸದು ತಂದುಕೊಡು’ ಎಂದರು. ನನಗೆ ಅದು ಗೊತ್ತೇ ಇರಲಿಲ್ಲ.